ಬೆಳಕು ಕಣ್ಣಿಗೆ ಚುಚ್ಚುವುದು ಯಾಕೆ?

ಕಣ್ಣಿನ ಡಾಕ್ಟರು ಮಾಡುವ ಒಂದು ಸಣ್ಣ ಪರೀಕ್ಷೆ ಇದೆ. ನೋಯುತ್ತಿರುವ ಬಲಗಣ್ಣನ್ನು ಮುಚ್ಚಿಸಿ, ಚೆನ್ನಾಗಿರುವ ಎಡಗಣ್ಣಿಗೆ ಟಾರ್ಚ್ ಬಿಡುತ್ತಾರೆ. ಕೆಲವರಿಗೆ ಆಗ ನೋವು ಬರುವುದು ಮುಚ್ಚಿರುವ ಬಲಗಣ್ಣಿಗೆ! ಒಂದು ಕಣ್ಣಿಗೆ ಬೆಳಕು ಬಿದ್ದರೂ ಎರಡೂ ಕಣ್ಣಿನ ಪಾಪೆಗಳು ಒಟ್ಟಿಗೇ ಕುಗ್ಗುತ್ತವೆ. ಬಲಗಣ್ಣಿನ ಐರಿಸ್, ಅಂದರೆ ಪಾಪೆಯ ಸುತ್ತ ಇರುವ ಬಣ್ಣದ ಪರದೆ, ಊದಿಕೊಂಡಿದ್ದರೆ ಹಾಗೆ ಕುಗ್ಗುವಾಗ ನೋಯುತ್ತದೆ. ಒಂದು ಟಾರ್ಚು ಇಷ್ಟು ಹೇಳಿಬಿಡುತ್ತದೆ.

ಬೆಳಕು ಸಹಿಸಲಾಗದ ಈ ತೊಂದರೆಗೆ ಫೋಟೋಫೋಬಿಯಾ ಅನ್ನುತ್ತಾರೆ. ಜ್ವರದ ಹಾಗೆ ಇದೂ ಬೇರೆ ಯಾವುದೋ ಕಾಯಿಲೆಯ ಸೂಚನೆ. ನಾವೋ "ಮೊಬೈಲ್ ಜಾಸ್ತಿ ನೋಡ್ತೀಯ, ಅದಕ್ಕೇ" ಅಂದು ಮುಗಿಸಿಬಿಡುತ್ತೇವೆ, ಇಲ್ಲವೇ ಒಂದು ಕೂಲಿಂಗ್ ಗ್ಲಾಸ್ ತಂದುಕೊಳ್ಳುತ್ತೇವೆ. ಕಾರಣ ಹುಡುಕದೆ ಬೆಳಕನ್ನು ಮಾತ್ರ ಮರೆಮಾಡುವ ಈ ಅಭ್ಯಾಸ ಬಿಡಲೇಬೇಕು.

ಐರಿಸ್ ಊತ ಇದೆ ಅಂತ ಅನುಮಾನ ಬಂದರೆ ಡಾಕ್ಟರು ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ಕಣ್ಣೊಳಗಿನ ನೀರನ್ನು ನೋಡುತ್ತಾರೆ, ಊತ ಇದ್ದರೆ ಅದರಲ್ಲಿ ಬಿಳಿ ರಕ್ತಕಣಗಳು ತೇಲುತ್ತಿರುತ್ತವೆ. ಆಮೇಲೆ ಬೆನ್ನುನೋವಿನ ಬಗ್ಗೆ ಕೇಳಿದರೆ ಆಶ್ಚರ್ಯಪಡಬೇಡಿ. ಬೆಳಗ್ಗೆ ಎದ್ದಾಗ ಸೊಂಟ ಹಿಡಿದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುಮೂಳೆಯ ಕಾಯಿಲೆ ಇರುವ ಹಲವರಲ್ಲಿ ಈ ಊತ ಮತ್ತೆ ಮತ್ತೆ ಬರುತ್ತದೆ. ನಮ್ಮ ದೇಶದಲ್ಲಿ ಕ್ಷಯವೂ ಒಂದು ಕಾರಣ.

ಕಣ್ಣಿನ ಮುಂದಿನ ಗಾಜಿನಂಥ ಪದರ ಕಾರ್ನಿಯಾದ ಕಥೆ ಬೇರೆ. ದೇಹದಲ್ಲಿ ನೋವಿನ ನರಗಳು ಅತಿ ಒತ್ತೊತ್ತಾಗಿರುವ ಜಾಗಗಳಲ್ಲಿ ಅದೂ ಒಂದು, ಹಾಗಾಗಿ ಒಂದು ಗೀರು ಬಿದ್ದರೂ ಬೆಳಕು ಸೂಜಿಯಾಗುತ್ತದೆ. ಡಾಕ್ಟರು ಮರಗಟ್ಟಿಸುವ ಒಂದು ಹನಿ ಹಾಕಿ ನೋಡುತ್ತಾರೆ. ನೋವು ತಟ್ಟನೆ ಹೋದರೆ ತೊಂದರೆ ಹೆಚ್ಚಾಗಿ ಮೇಲ್ಪದರದಲ್ಲೇ ಇರುತ್ತದೆ, ಹೋಗದಿದ್ದರೆ ಒಳಗೆ ಹುಡುಕಬೇಕು. (ಆ ಹನಿಯನ್ನು ಮನೆಯಲ್ಲಿ ಬಳಸಲೇಬಾರದು, ಕಾರ್ನಿಯಾ ಹಾಳಾಗುತ್ತದೆ.) ಆಮೇಲೆ ಫ್ಲೋರೆಸಿನ್ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಗಾಯ ಹಸಿರಾಗಿ ಹೊಳೆಯುತ್ತದೆ. ಕಣ್ಣು ಒಣಗಿರುವವರಿಗೂ ಬೆಳಕು ಚುಚ್ಚುತ್ತದೆ, ಆದರೆ ನನಗೆ ಹೆಚ್ಚು ಆತಂಕ ಇರುವುದು ಹೊಲದ ಗಾಯಗಳ ಬಗ್ಗೆ. ಒಕ್ಕಣೆಯಲ್ಲಿ ಭತ್ತದ ಹೊಟ್ಟು ಬಿದ್ದು, ಕಬ್ಬಿನ ಗರಿ ತಾಗಿ ಆದ ಗೀರಿನಲ್ಲಿ ಶಿಲೀಂಧ್ರ ಬೆಳೆಯುತ್ತದೆ, ದಕ್ಷಿಣ ಭಾರತದಲ್ಲಿ ಇದು ತುಂಬಾ ಸಾಮಾನ್ಯ. ಅಂಥ ಕಣ್ಣಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೆರಾಯ್ಡ್ ಡ್ರಾಪ್ಸ್ ಹಾಕಿದರೆ ಎರಡು ದಿನ ಕೆಂಪು ಕಡಿಮೆಯಾದಂತೆ ಕಾಣಬಹುದು, ಒಳಗೆ ಮಾತ್ರ ಶಿಲೀಂಧ್ರ ತಡೆಯಿಲ್ಲದೆ ಹಬ್ಬುತ್ತಿರುತ್ತದೆ. ಹೀಗೆ ದೃಷ್ಟಿಯೇ ಹೋಗಬಹುದು.

ಇಷ್ಟೆಲ್ಲ ನೋಡಿದ ಮೇಲೂ ಕಣ್ಣಲ್ಲಿ ಏನೂ ಸಿಗದೆ ಹೋಗಬಹುದು. ಆಗ "ನಿಮಗೇನೂ ಇಲ್ಲ" ಅಂತ ಕಳಿಸಿಬಿಡುವುದು ಅನ್ಯಾಯ, ಯಾಕೆಂದರೆ ಬೆಳಕು ಸಹಿಸಲಾಗದ ಬಹಳ ಮಂದಿಗೆ ಇರುವುದು ಮೈಗ್ರೇನ್. ಬಾಸ್ಟನ್ನಿನ ವಿಜ್ಞಾನಿ ರಾಮಿ ಬರ್ಸ್ಟೀನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ತುಂಬಾ ಮುಖ್ಯ. ಅವರು ನೋಡಿದ್ದು ಮೈಗ್ರೇನ್ ಇದ್ದ 20 ಅಂಧರನ್ನು. ಅವರಲ್ಲಿ 6 ಮಂದಿಗೆ ಬೆಳಕಿನ ಅರಿವು ಒಂದಿಷ್ಟೂ ಇರಲಿಲ್ಲ, ಬೆಳಕಿನಿಂದ ಅವರ ತಲೆನೋವು ಹೆಚ್ಚುತ್ತಲೂ ಇರಲಿಲ್ಲ. ಉಳಿದ 14 ಮಂದಿಗೆ ಎದುರಿಗಿರುವುದು ಏನೆಂದು ಕಾಣುತ್ತಿರಲಿಲ್ಲ, ಬೆಳಕು ಇದೆಯೋ ಇಲ್ಲವೋ ಅನ್ನುವುದಷ್ಟೇ ಗೊತ್ತಾಗುತ್ತಿತ್ತು, ಆದರೂ ಬೆಳಕು ಬಿದ್ದರೆ ಅವರ ನೋವು ಏರುತ್ತಿತ್ತು. ಅಂದರೆ ನೋಡುವ ದಾರಿ ಮುರಿದಿದ್ದರೂ ನೋಯುವ ದಾರಿ ತೆರೆದೇ ಇತ್ತು. ಕಣ್ಣಿನ ಹಿಂಭಾಗದ ಪರದೆ ರೆಟಿನಾದಲ್ಲಿ ಮೆಲನಾಪ್ಸಿನ್ ಎಂಬ ವಸ್ತು ಇರುವ ಕೆಲವು ಕೋಶಗಳಿವೆ. ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕಿಗೆ ಅವು ಚೆನ್ನಾಗಿ ಸ್ಪಂದಿಸುತ್ತವೆ. ಇವುಗಳಿಂದ ಹೊರಟ ಎಳೆಗಳು ಮೆದುಳಿನ ಥಾಲಮಸ್ ಎಂಬ ಭಾಗಕ್ಕೆ ಹೋಗುತ್ತವೆ, ಮೆದುಳಿನ ಹೊದಿಕೆಯ ನೋವನ್ನು ಸಾಗಿಸುವ ನರಕೋಶಗಳ ಹತ್ತಿರಕ್ಕೇ. ಬೆಳಕೂ ನೋವೂ ಕೂಡುವುದು ಅಲ್ಲಿ. ಬೆಳಕಾದರೆ ತಲೆ ಸಿಡಿಯುತ್ತದೆ ಎನ್ನುವವರು ಸುಮ್ನೆ ಹೇಳುತ್ತಿಲ್ಲ, ಅಲ್ವಾ?

ಅವರಿಗೂ ಮನೆಯೊಳಗೆ ಕಪ್ಪು ಕನ್ನಡಕ ಒಳ್ಳೆಯದಲ್ಲ. ಕಣ್ಣು ಕತ್ತಲೆಗೆ ಒಗ್ಗಿಕೊಂಡುಬಿಡುತ್ತದೆ, ಮಾಮೂಲಿ ಬೆಳಕೂ ಇನ್ನಷ್ಟು ಜೋರಾಗಿ ಚುಚ್ಚುತ್ತದೆ. ನೀಲಿ-ಹಸಿರು ಬೆಳಕನ್ನು ತಡೆಯುವ ಎಫ್‌ಎಲ್-41 ಎಂಬ ಗುಲಾಬಿ ಛಾಯೆಯ ಗಾಜು ಕೆಲವರಿಗೆ ಉಪಯೋಗವಾಗುತ್ತದೆ.

ಕಾಯಲೇಬಾರದ ಸಂದರ್ಭಗಳೂ ಇವೆ. ಜ್ವರ, ಜೋರು ತಲೆನೋವು, ಕತ್ತು ಬಗ್ಗಿಸಲಾಗದಷ್ಟು ಬಿಗಿತ, ಜೊತೆಗೆ ಬೆಳಕು ಬೇಡ ಅನ್ನಿಸಿದರೆ ಅದು ಮೆನಿಂಜೈಟಿಸ್, ಅಂದರೆ ಮೆದುಳಿನ ಹೊದಿಕೆಯ ಊತ, ಇರಬಹುದು, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ.

ಇನ್ನೊಂದು, ಹಸುಗೂಸುಗಳದು. ಮಗು ಬೆಳಕು ಕಂಡರೆ ಮುಖ ತಿರುಗಿಸುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತದೆ, ರೆಪ್ಪೆ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಕರಿಗುಡ್ಡೆ ದೊಡ್ಡದಾಗಿ ಕಾಣುತ್ತದೆ. ಎಷ್ಟು ಚೆಂದದ ಕಣ್ಣು ಅಂತ ಎಲ್ಲರೂ ದೃಷ್ಟಿ ತೆಗೆಯುತ್ತಾರೆ. ಆದರೆ ಇದು ಹುಟ್ಟಿನಿಂದ ಬಂದ ಗ್ಲಾಕೋಮಾ ಇರಬಹುದು, ಒಳಗಿನ ಒತ್ತಡವೇ ಎಳೆಯ ಕಣ್ಣನ್ನು ಹಿಗ್ಗಿಸುತ್ತಿರಬಹುದು. ಹುಟ್ಟಿದಾಗ ಕಾರ್ನಿಯಾದ ಅಗಲ ಸುಮಾರು 10 ಮಿಲಿಮೀಟರ್. ಮೊದಲ ವರ್ಷದಲ್ಲೇ ಅದು 12 ದಾಟಿದರೆ ಡಾಕ್ಟರು ಅನುಮಾನಪಡುತ್ತಾರೆ. ತಂದೆತಾಯಿ ಇಬ್ಬರೂ ಒಂದೇ ದೋಷವಿರುವ ಜೀನ್ ಕೊಟ್ಟಾಗ ಬರುವ ಬಗೆಯೂ ಇದರಲ್ಲಿದೆ, ಹಾಗಾಗಿ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ಕಡೆಯ ಮನೆಗಳಲ್ಲಿ ಇದರ ಸಾಧ್ಯತೆ ಜಾಸ್ತಿ. ಬೇಗ ಗೊತ್ತಾದರೆ ಆಪರೇಷನ್ ಮಾಡಿ ಒಳಗಿನ ನೀರು ಹರಿಯಲು ದಾರಿ ಮಾಡಿಕೊಡುತ್ತಾರೆ, ಉಳಿದಿರುವ ದೃಷ್ಟಿಯನ್ನು ಕಾಪಾಡಲು ಆಗುತ್ತದೆ. ಮುಂದೆಯೂ ಒತ್ತಡ ನೋಡಿಸಿಕೊಳ್ಳುತ್ತಲೇ ಇರಬೇಕು.