ಕಲಿತವರಿಗೆ ಕೆಲಸ ಯಾಕೆ ಸಿಗಲಿಲ್ಲ: ವಯಸ್ಕರ ತರಬೇತಿ ನಡೆದುಬಂದ ದಾರಿ

ಪ್ರಮಾಣಪತ್ರ ಹಿಡಿದವರು ಮನೆಯಲ್ಲಿ ಕೂತಿರುತ್ತಾರೆ. ಅದೇ ಊರಿನ ಕಾರ್ಖಾನೆಯವರು ಆಳು ಸಿಗುತ್ತಿಲ್ಲ ಎನ್ನುತ್ತಾರೆ. ಈ ಅಂತರ ಇಂದಿನದಲ್ಲ. ಕಲಿಕೆಯೂ ಕೆಲಸವೂ ಒಂದೇ ಸೂರಿನಡಿ ಇದ್ದ ಕಾಲ ಮುಗಿದಾಗಲೇ ಶುರುವಾದದ್ದು.

ಇಂಗ್ಲೆಂಡಿನ 1563ರ ಕಾಯ್ದೆಯ ಪ್ರಕಾರ ಕಸುಬು ಹಿಡಿಯಬೇಕಾದವರು ಯಜಮಾನನ ಕೈಕೆಳಗೆ ಕನಿಷ್ಠ 7 ವರ್ಷ ಕಲಿಯಬೇಕಿತ್ತು. ಕಲಿಕೆ ನಿಧಾನವಾಗಿತ್ತು, ಶೋಷಣೆಯೂ ಇತ್ತು. ಆದರೆ ಕಲಿಯುವ ಜಾಗವೇ ಕೆಲಸದ ಜಾಗವಾಗಿತ್ತು. ಆ ಕಡ್ಡಾಯ 1814ರಲ್ಲಿ ರದ್ದಾಯಿತು. 1823ರಲ್ಲಿ ಲಂಡನ್ನಿನಲ್ಲಿ ಕುಶಲಕರ್ಮಿಗಳಿಗೆ ವಿಜ್ಞಾನ ಕಲಿಸಲು ಮೆಕ್ಯಾನಿಕ್ಸ್ ಸಂಸ್ಥೆ ಹುಟ್ಟಿತು. ಅಂಥವು ಊರೂರಿಗೆ ಹಬ್ಬಿದವು. ಆದರೆ ದಿನವಿಡೀ ದುಡಿದು ಬಂದ, ಓದು-ಲೆಕ್ಕ ಗಟ್ಟಿಯಿಲ್ಲದ ಕೆಲಸಗಾರರಿಗೆ ರಾತ್ರಿಯ ಉಪನ್ಯಾಸ ದಕ್ಕಲಿಲ್ಲ. ಎಷ್ಟೋ ಸಂಸ್ಥೆಗಳ ಬೆಂಚುಗಳಲ್ಲಿ ಕ್ರಮೇಣ ಗುಮಾಸ್ತರೇ ತುಂಬಿದರು.

ಕಲಿಕೆಯನ್ನು ಮತ್ತೆ ಕೆಲಸದ ಜಾಗಕ್ಕೆ ತಂದದ್ದು ಎರಡನೇ ಮಹಾಯುದ್ಧ. ಅಮೆರಿಕದಲ್ಲಿ 1940ರಲ್ಲಿ ಆರಂಭವಾದ 'ಟ್ರೈನಿಂಗ್ ವಿತಿನ್ ಇಂಡಸ್ಟ್ರಿ' (ಉದ್ಯಮದೊಳಗೇ ತರಬೇತಿ) ಎಂಬ ಕಾರ್ಯಕ್ರಮ ಮೊದಲು ಕಲಿಸಿದ್ದು ಹೊಸ ಕೆಲಸಗಾರನಿಗಲ್ಲ, ಅವನ ಸೂಪರ್‌ವೈಸರ್‌ಗೆ. ಎರಡೆರಡು ಗಂಟೆಯ ಐದು ಪಾಠ, ಒಟ್ಟು 10 ಗಂಟೆ. ಬರೀ ಹೇಳುವುದೂ ಬರೀ ತೋರಿಸುವುದೂ ಸಾಲದೆಂದು ಮನಗಾಣಿಸಲು, ವಿದ್ಯುತ್ ತಂತಿಗೆ ಹಾಕುವ ಒಂದು ಗಂಟನ್ನು ಮೊದಲು ಬರೀ ಬಾಯಲ್ಲಿ ಹೇಳುತ್ತಿದ್ದರು, ಕಲಿಯುವವನಿಗೆ ಬರುತ್ತಿರಲಿಲ್ಲ. ಆಮೇಲೆ ಬರೀ ಮಾಡಿ ತೋರಿಸುತ್ತಿದ್ದರು; ಆಗಲೂ ಬರುತ್ತಿರಲಿಲ್ಲ. ಹೀಗಾಗಿ ನಾಲ್ಕು ಹೆಜ್ಜೆ: ಕಲಿಯುವವನನ್ನು ಸಿದ್ಧಮಾಡು, ಹೇಳುತ್ತ ತೋರಿಸು, ಅವನಿಂದಲೇ ಮಾಡಿಸಿ ವಿವರಣೆ ಹೇಳಿಸು, ನಂತರ ಆಗಾಗ ಹೋಗಿ ನೋಡು. ಅದಕ್ಕೂ ಮುಂಚೆ ಒಂದು ಹಾಳೆಯಲ್ಲಿ ಎಡಕ್ಕೆ ಕೆಲಸದ ಹಂತಗಳು, ಬಲಕ್ಕೆ ಮುಖ್ಯಾಂಶಗಳು. ಕೆಲಸವನ್ನು ಕೆಡಿಸಬಹುದಾದದ್ದು, ಪೆಟ್ಟು ಮಾಡಬಹುದಾದದ್ದು, ಕೈಗೆ ಸುಲಭ ಮಾಡುವಂಥದ್ದು ಮಾತ್ರ ಮುಖ್ಯಾಂಶ. ಈ ಹಾಳೆ ಇಂದಿಗೂ ಹಳತಾಗಿಲ್ಲ.

ಓದು-ಬರಹದ ಕಡೆಯಿಂದ ಇದೇ ಪ್ರಶ್ನೆ ಎದ್ದದ್ದು ಅನಕ್ಷರತೆ ನಿವಾರಣೆ ಕುರಿತು 1965ರಲ್ಲಿ ಟೆಹರಾನ್‌ನಲ್ಲಿ ನಡೆದ ವಿಶ್ವ ಸಮ್ಮೇಳನದಲ್ಲಿ. ಅಕ್ಷರವನ್ನು ದುಡಿಮೆಯ ಜತೆಗೇ ಕಲಿಸಬೇಕೆಂಬ ವಿಚಾರ ಅಲ್ಲಿ ಗಟ್ಟಿಯಾಯಿತು. 1967ರಿಂದ 1973ರವರೆಗೆ ಯುನೆಸ್ಕೊ 11 ದೇಶಗಳಲ್ಲಿ ಪ್ರಯೋಗ ನಡೆಸಿತು. ಕಲಿಯುವವರನ್ನು ಉತ್ಪಾದನೆಯ ಲೆಕ್ಕದಲ್ಲಷ್ಟೇ ನೋಡಿದ್ದು ಅದರ ದೊಡ್ಡ ಕೊರತೆ. ಜರ್ಮನಿಯ 1969ರ ಕಾನೂನು ಕಂಪನಿ ಮತ್ತು ಅಪ್ರೆಂಟಿಸ್ ನಡುವಿನ ಒಪ್ಪಂದವನ್ನೇ ಬುನಾದಿ ಮಾಡಿಕೊಂಡಿತು: ವಾರದ ಹೆಚ್ಚು ದಿನ ಕೆಲಸದಲ್ಲಿ, ಒಂದೆರಡು ದಿನ ಶಾಲೆಯಲ್ಲಿ. ಕಲಿಯಲು ಸಂಬಳಸಹಿತ ರಜೆ ಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಪ್ಪಂದ ರೂಪಿಸಿದ್ದು 1974ರಲ್ಲಿ.

ಹಾಗಿದ್ದರೂ ಕಲಿಕೆ-ಕೆಲಸದ ಕೊಂಡಿ ಕಳಚುವುದು ಬಹುಮಟ್ಟಿಗೆ ಶುರುವಿನಲ್ಲೇ, ಎಷ್ಟು ಜನ ಬೇಕೆಂದು ಮಾಲೀಕರನ್ನು ಕೇಳುವಾಗಲೇ. 'ನಿಮಗೆ ಜನ ಬೇಕೇ?' ಎಂದರೆ ಎಲ್ಲ ಮಾಲೀಕರೂ ಹೌದೆನ್ನುತ್ತಾರೆ. ಕಳೆದ 12 ತಿಂಗಳಲ್ಲಿ ಎಷ್ಟು ಮಂದಿ ಬಿಟ್ಟುಹೋದರು, ಆ ಜಾಗಕ್ಕೆ ಯಾರು ಬಂದರು, ಎಷ್ಟು ಸಂಬಳಕ್ಕೆ ಎಂದು ಕೇಳಬೇಕು. ವರ್ಷಕ್ಕೆ ಐದು ವೆಲ್ಡರ್‌ಗಳು ಸಾಕಾಗುವ ಕಡೆ 30 ಜನರ ತಂಡ ಕಟ್ಟಿದರೆ 25 ಮಂದಿಗೆ ಮೋಸ ಮಾಡಿದಂತೆ. ಅನುದಾನ ತಲೆ ಎಣಿಸಿ ಬರುವುದರಿಂದಲೇ ತಂಡಗಳು ಹಿಗ್ಗುತ್ತವೆ.

ಪಾಠದ ವೇಳೆಯನ್ನು ಪಾಳಿಗೆ ಹೊಂದಿಸದಿದ್ದರೆ ಹಾಜರಿ ಕರಗುತ್ತದೆ. ಪಾಳಿ ಬದಲಾಗುವ ಕಡೆ ಒಂದೇ ಪಾಠವನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಡಬೇಕು. ಓದು ಕಲಿಸಲು ಮಕ್ಕಳ ಪ್ರೈಮರ್ ಬೇಡ. ಜಾಬ್ ಕಾರ್ಡ್, ಎಚ್ಚರಿಕೆ ಫಲಕ, ಸಂಬಳದ ಚೀಟಿ ಇವೇ ಪಠ್ಯವಾಗಲಿ. ಸಂಬಳದ ಚೀಟಿಯನ್ನು ಖಂಡಿತ ಬಿಡಬಾರದು: ಕಡಿತ ಎಲ್ಲೆಲ್ಲಿ ಆಗಿದೆ ಎಂದು ಓದಬಲ್ಲವನು ಮಾಲೀಕನಿಗಷ್ಟೇ ಅಲ್ಲ, ತನಗೂ ಕಲಿತಿರುತ್ತಾನೆ.

ಕಲಿಸಿದವರನ್ನು ಪಕ್ಕದವರು ಎಳೆದುಕೊಳ್ಳುತ್ತಾರೆಂಬ ಮಾಲೀಕರ ಭಯ ಸುಳ್ಳಲ್ಲ. ಏಳೆಂಟು ಸಣ್ಣ ಘಟಕಗಳು ಸೇರಿ ಖರ್ಚು ಹಂಚಿಕೊಂಡು, ಒಂದೇ ಪರೀಕ್ಷೆಯನ್ನು ಎಲ್ಲರೂ ಒಪ್ಪಿದರೆ ಆ ಭಯ ತಗ್ಗುತ್ತದೆ. ಕೆಲಸಗಾರನ ಪ್ರಮಾಣಪತ್ರಕ್ಕೂ ಬೇರೆ ಘಟಕದ ಬಾಗಿಲಲ್ಲಿ ಬೆಲೆ ಸಿಗುತ್ತದೆ.