ಅಕ್ಟೋಬರ್ 2ರ ಪೊರಕೆ: ಪಂಚಾಯಿತಿ ಸದಸ್ಯರ ರಜಾದಿನದ ಶ್ರಮದಾನ ನಡೆದು ಬಂದ ದಾರಿ

ಗಾಂಧಿ ಜಯಂತಿ ಸರ್ಕಾರಿ ಕಚೇರಿಗಳಿಗೆ ರಜೆ. ಗ್ರಾಮ ಪಂಚಾಯಿತಿಗೆ ಮಾತ್ರ ಅಂದು ಬೆಳಿಗ್ಗೆಯಿಂದಲೇ ಕೆಲಸ. ಗಾಂಧೀಜಿ, ಶಾಸ್ತ್ರೀಜಿ ಫೋಟೊಗೆ ಹಾರ ಹಾಕಿ, ಅಧ್ಯಕ್ಷರು, ಸದಸ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಸ್ವಸಹಾಯ ಸಂಘದ ಮಹಿಳೆಯರು, ಶಾಲೆಯ ಮಕ್ಕಳು ಬಸ್ ನಿಲ್ದಾಣಕ್ಕೋ ಕೆರೆ ಏರಿಗೋ ಚರಂಡಿಗೋ ಹೊರಡುತ್ತಾರೆ. ತಾಲ್ಲೂಕಿಗೊಂದರಂತೆ ಆಯ್ಕೆಯಾದ ಪಂಚಾಯಿತಿಗಳಿಗೆ ಗಾಂಧಿ ಗ್ರಾಮ ಪುರಸ್ಕಾರ ಸಿಗುವುದೂ ಇದೇ ಜಯಂತಿಯ ಹೆಸರಿನಲ್ಲಿ. ಚುನಾಯಿತರ ಸೇವೆ ಮತ್ತು ಅವರಿಗೆ ಸಲ್ಲುವ ಗೌರವ ಒಂದೇ ರಜೆಯ ದಿನಕ್ಕೆ ಬಂದು ಕೂಡಿದ್ದರ ಹಿಂದೆ ಉದ್ದನೆಯ ಇತಿಹಾಸವಿದೆ.

1901ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಪಾಯಿಖಾನೆಗಳ ಗಲೀಜು ಕಂಡ ಗಾಂಧಿ ತಾವೇ ಪೊರಕೆ ಹಿಡಿದಿದ್ದರು. 1924ರ ಡಿಸೆಂಬರ್‌ನಲ್ಲಿ ಅವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ಅಲ್ಲಿ ಶೌಚದ ಜಾಗ ಸ್ವಚ್ಛ ಮಾಡುವ ಕೆಲಸವನ್ನು ಸ್ವಯಂಸೇವಕರೇ ವಹಿಸಿಕೊಂಡರು. ಮೇಲ್ಜಾತಿಯವರೂ ಆ ಸಾಲಿನಲ್ಲಿದ್ದರು. ಹುಬ್ಬಳ್ಳಿಯ ನಾ.ಸು. ಹರ್ಡೀಕರ್ ಅದರ ಹಿಂದಿನ ವರ್ಷವಷ್ಟೇ ಕಟ್ಟಿದ್ದ, ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆಯಾದ ಸೇವಾದಳಕ್ಕೆ ಅದು ದೊಡ್ಡ ಪರೀಕ್ಷೆ. ಸಾವಿರಾರು ಜನ ಸೇರುವಲ್ಲಿ ಹೊಲಸು ಎತ್ತುವುದು ಯಾರ ಪಾಲಿನ ಕೆಲಸ ಎಂಬ ಪ್ರಶ್ನೆಗೆ ಬೆಳಗಾವಿ ಕೊಟ್ಟ ಉತ್ತರ ಇಂದಿನ ಶ್ರಮದಾನಕ್ಕೆ ನಿಜವಾದ ಬೇರು.

ಸ್ವಾತಂತ್ರ್ಯ ಬಂದ ಮೇಲೆ ಆ ಬೇರಿಗೆ ಸರ್ಕಾರ ಒಂದು ತಾರೀಖು ಕಟ್ಟಿತು. 1952ರ ಅಕ್ಟೋಬರ್ 2ರಂದು ದೇಶದಲ್ಲಿ 55 ಸಮುದಾಯ ಅಭಿವೃದ್ಧಿ ಯೋಜನೆಗಳು ಶುರುವಾದವು. ಒಂದೊಂದಕ್ಕೂ ಸುಮಾರು 300 ಹಳ್ಳಿ. ಸರ್ಕಾರ ಹಣ, ಸಾಮಗ್ರಿ ಕೊಡುತ್ತದೆ, ಊರಿನವರು ರಸ್ತೆಗೆ, ಬಾವಿಗೆ, ಶಾಲೆಗೆ ಮೈಬಗ್ಗಿಸಿ ದುಡಿಯಬೇಕು ಎಂಬುದು ಒಪ್ಪಂದ. ‘ಶ್ರಮದಾನ’ ಎಂಬ ಮಾತು ಸರ್ಕಾರಿ ಕಡತಕ್ಕೆ ಬಲವಾಗಿ ಬಂದದ್ದು ಆಗ. 1959ರ ಅಕ್ಟೋಬರ್ 2ರಂದು ರಾಜಸ್ಥಾನದ ನಾಗೌರ್‌ನಲ್ಲಿ ನೆಹರೂ ಪಂಚಾಯತ್ ರಾಜ್ ಉದ್ಘಾಟಿಸಿದರು. ಪಂಚಾಯಿತಿ ಮತ್ತು ಶ್ರಮದಾನ ಎರಡಕ್ಕೂ ಒಂದೇ ಹುಟ್ಟುಹಬ್ಬವಾಯಿತು.

ಆದರೆ ಆ ದಶಕದ ಶ್ರಮದಾನ ಎಡವಿದ್ದೆಲ್ಲಿ ಎಂಬುದನ್ನು ಮರೆಯಬಾರದು. ಬುಟ್ಟಿ ಹೊತ್ತವರು ಕೂಲಿಯವರು, ಭೂಮಿಯಿಲ್ಲದವರು. ಸಿದ್ಧವಾದ ರಸ್ತೆಯಲ್ಲಿ ಗಾಡಿ ಓಡಿಸಿದವರು ಹೊಲ ಇದ್ದವರು. ಊರಿನ ದೊಡ್ಡವರು ಮರದ ನೆರಳಲ್ಲಿ ನಿಂತು ಮೇಲ್ವಿಚಾರಣೆ ಮಾಡಿದರು. ಬಿಟ್ಟಿ ಚಾಕರಿಯ ನೆನಪು ಇನ್ನೂ ಹಸಿಯಾಗಿದ್ದ ಹಳ್ಳಿಗಳಲ್ಲಿ, ಹೆಸರು ಬದಲಾದ ಬಿಟ್ಟಿಯಂತೆಯೇ ಇದು ಕಂಡಿತು. ಒಂದು ದಿನದ ಕೂಲಿ ಬಿಟ್ಟರೆ ಒಂದು ದಿನದ ಊಟಕ್ಕೆ ಕುತ್ತು ಬರುವವರಿಂದ ದಾನ ಕೇಳುವುದು ಅಂದೂ ತಪ್ಪು, ಇಂದೂ ತಪ್ಪು. ಅಧ್ಯಕ್ಷರೂ ಸದಸ್ಯರೂ ಮೊದಲು ಸಲಿಕೆ ಹಿಡಿಯಬೇಕು ಎಂಬುದಕ್ಕೆ ಕಾರಣ ಫೋಟೊ ಅಲ್ಲ, ಈ ಇತಿಹಾಸ.

ಕರ್ನಾಟಕದಲ್ಲಿ ಚುನಾಯಿತರ ಕೈಗೆ ನಿಜವಾದ ಅಧಿಕಾರ ಬಂದದ್ದು 1983ರ ಪಂಚಾಯಿತಿ ಕಾಯ್ದೆಯಿಂದ, 1987ರ ಚುನಾವಣೆಯಿಂದ. ಅದರ ಹಿಂದೆ ನಿಂತವರು ಊರೂರಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಆಗಿನ ಸಚಿವ ಅಬ್ದುಲ್ ನಜೀರ್ ಸಾಬ್. 1993ರ ಕಾಯ್ದೆ ಬಂದ ಮೇಲೆ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಎಂಬ ಲೆಕ್ಕ ನಿಂತಿತು. 400 ಜನ ಎಂದರೆ ಒಂದೆರಡು ಕೇರಿ. ಸದಸ್ಯರಿಗೆ ಪ್ರತಿ ಮನೆಯ ನಲ್ಲಿಯೂ ಮೋರಿಯೂ ಗೊತ್ತಿರುತ್ತದೆ, ಜನಕ್ಕೂ ಅವರು ಯಾವ ದಿನ ಬಂದರು, ಯಾವ ದಿನ ಬರಲಿಲ್ಲ ಎಂಬುದು ಗೊತ್ತಿರುತ್ತದೆ.

ಪ್ರಶಸ್ತಿಯ ಯುಗ ಶುರುವಾದದ್ದು ಕೇಂದ್ರದ ನಿರ್ಮಲ ಗ್ರಾಮ ಪುರಸ್ಕಾರದಿಂದ. 2003ರಲ್ಲಿ ಘೋಷಣೆಯಾಗಿ 2005ರಲ್ಲಿ ಮೊದಲ ಸಲ ಕೊಟ್ಟರು. ಬಯಲು ಶೌಚ ನಿಂತ ಪಂಚಾಯಿತಿಗೆ ಜನಸಂಖ್ಯೆ ನೋಡಿ ನಗದು ಬಹುಮಾನ. ಉತ್ಸಾಹವೇನೋ ಬಂತು, ಜೊತೆಗೆ ಅವಸರವೂ ಬಂತು. ತಪಾಸಣೆಗೆ ಮೊದಲು ಕಟ್ಟಿದ ಎಷ್ಟೋ ಶೌಚಾಲಯಗಳಿಗೆ ನೀರಿರಲಿಲ್ಲ, ಗುಂಡಿ ಒಂದೇ ಇತ್ತು. ಎರಡು ಗುಂಡಿಯಿದ್ದು ನಡುವೆ ಕವಲು ಚೇಂಬರ್ ಇದ್ದರೆ ಒಂದು ತುಂಬಿದಾಗ ಮತ್ತೊಂದಕ್ಕೆ ತಿರುಗಿಸಬಹುದು, ಮುಚ್ಚಿದ್ದು ಒಂದೆರಡು ವರ್ಷದಲ್ಲಿ ಗೊಬ್ಬರವಾಗುತ್ತದೆ. ಒಂದೇ ಗುಂಡಿ ತುಂಬಿದ ದಿನ ಮನೆಯವರು ಮತ್ತೆ ಬಯಲಿಗೆ ಹೋದರು, ಶೌಚಾಲಯ ಸೌದೆ ಒಟ್ಟುವ ಕೋಣೆಯಾಯಿತು. ಒಮ್ಮೆ ಫಲಕ ಕೊಟ್ಟ ಮೇಲೆ ಮತ್ತೆ ಬಂದು ನೋಡುವ ಏರ್ಪಾಡು ದುರ್ಬಲವಾಗಿದ್ದುದೇ ಮುಖ್ಯ ಲೋಪ.

2013–14ರಲ್ಲಿ ರಾಜ್ಯ ಆರಂಭಿಸಿದ ಗಾಂಧಿ ಗ್ರಾಮ ಪುರಸ್ಕಾರ ಈ ಲೋಪಕ್ಕೆ ಒಂದಿಷ್ಟು ಉತ್ತರ. ಬಹುಮಾನ 5 ಲಕ್ಷ ರೂಪಾಯಿ. ಶೌಚಾಲಯವೊಂದನ್ನೇ ನೋಡದೆ ತೆರಿಗೆ ವಸೂಲಿ, ಕುಡಿಯುವ ನೀರು, ಸಭೆಗಳ ನಡಾವಳಿ, ಲೆಕ್ಕಪತ್ರ ಎಲ್ಲವನ್ನೂ ತೂಗುತ್ತಾರೆ. ಮರುವರ್ಷ 2014ರ ಅಕ್ಟೋಬರ್ 2ಕ್ಕೆ ಸ್ವಚ್ಛ ಭಾರತ ಬಂದು ಪೊರಕೆಯೇ ರಾಷ್ಟ್ರದ ಚಿತ್ರವಾಯಿತು. ಅಂದು ಎಲ್ಲರೂ ಓದಿದ ಪ್ರತಿಜ್ಞೆಯಲ್ಲಿ ಇದ್ದುದು ವರ್ಷಕ್ಕೆ 100 ಗಂಟೆ, ಅಂದರೆ ವಾರಕ್ಕೆ ಎರಡು ಗಂಟೆಯ ಶ್ರಮದಾನ. ಆ ಸಾಲನ್ನು ಅಕ್ಷರಶಃ ತೆಗೆದುಕೊಂಡವರು ಕಡಿಮೆ. ಮಂಗಳೂರಿನ ರಾಮಕೃಷ್ಣ ಮಿಷನ್ 2015ರಿಂದ ಭಾನುವಾರಗಳಂದು ನಡೆಸಿದ ಶ್ರಮದಾನ ಯಾಕೆ ಫಲ ಕೊಟ್ಟಿತು ಎಂದರೆ ಅದು ಮುಂದಿನ ವಾರವೂ ಬರುತ್ತಿತ್ತು.

ಇನ್ನು ಕೆಲಸದ ವಿಷಯ. ಚರಂಡಿಯಿಂದಲೇ ಶುರು ಮಾಡೋಣ, ಹೆಚ್ಚಿನ ಪಂಚಾಯಿತಿಗಳು ಆರಿಸುವುದು ಅದನ್ನೇ, ಹೆಚ್ಚು ಕೆಡುವುದೂ ಅಲ್ಲೇ. ಹೂಳು ತೆಗೆಯುವುದನ್ನು ಇಳಿಜಾರಿನ ಕೊನೆಯಿಂದ, ಅಂದರೆ ನೀರು ಹೊರಬೀಳುವ ಮೋರಿಯಿಂದ ಆರಂಭಿಸಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ಸಡಿಲಾದ ಕೆಸರು ಕೆಳಗೆ ಹೋಗಿ ಮೋರಿಯಲ್ಲಿ ಕಟ್ಟುತ್ತದೆ. ಲೆಕ್ಕ ಮೊದಲೇ ಹಾಕಿಕೊಳ್ಳಿ: ಒಂದು ಅಡಿ ಅಗಲದ ಚರಂಡಿಯಲ್ಲಿ ಅರ್ಧ ಅಡಿ ಹೂಳಿದ್ದರೆ 100 ಮೀಟರಿಗೆ ಸುಮಾರು 165 ಘನ ಅಡಿ. ಟ್ರೇಲರಿಗೆ 100 ಘನ ಅಡಿ ಎಂದು ಹಿಡಿದರೂ ಎರಡು ಲೋಡು. ಟ್ರ್ಯಾಕ್ಟರ್ ಗೊತ್ತು ಮಾಡದೆ ಸಲಿಕೆ ಹಿಡಿದರೆ ಆ ಎರಡು ಲೋಡು ರಸ್ತೆ ಅಂಚಿನಲ್ಲೇ ಉಳಿಯುತ್ತದೆ. ಅಕ್ಟೋಬರ್ ಎಂದರೆ ಹಿಂಗಾರಿನ ಹೊಸ್ತಿಲು. ಒಂದೇ ಮಳೆಗೆ ಎಲ್ಲವೂ ಚರಂಡಿಗೆ ವಾಪಸ್. ನೀರು ಬಸಿಯಲು ಒಂದು ದಿನ ಬಿಟ್ಟು, ಮರುದಿನವೇ ಎತ್ತಿಸಬೇಕು. ಮುಚ್ಚಿದ ಒಳಚರಂಡಿಗಾಗಲಿ ಸೆಪ್ಟಿಕ್ ಟ್ಯಾಂಕಿಗಾಗಲಿ ಯಾರನ್ನೂ ಇಳಿಸುವಂತಿಲ್ಲ. ರಕ್ಷಣಾ ಸಾಧನವಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ, ಒಳಗಿನ ಅನಿಲ ಕ್ಷಣದಲ್ಲಿ ಜೀವ ತೆಗೆಯುತ್ತದೆ.

ಶಾಲೆ ಸುತ್ತ ಪಾರ್ಥೇನಿಯಂ ಕೀಳಿಸುವುದೂ ರೂಢಿ. ಹೂ ಬಿಡುವ ಮುನ್ನ, ಮಳೆ ಬಂದು ಮಣ್ಣು ಮೆತ್ತಗಿರುವಾಗ ಬೇರುಸಹಿತ ಕಿತ್ತರೆ ಮಾತ್ರ ಪ್ರಯೋಜನ. ಅಕ್ಟೋಬರ್ ಹೊತ್ತಿಗೆ ಎಷ್ಟೋ ಗಿಡ ಬೀಜ ಕಟ್ಟಿರುತ್ತದೆ, ಎಳೆದೊಯ್ದ ದಾರಿಯುದ್ದಕ್ಕೂ ಬೀಜ ಉದುರುತ್ತದೆ. ಕೈಗವಸು ಇಲ್ಲದೆ ಮಕ್ಕಳಿಂದ ಇದನ್ನು ಮಾಡಿಸಲೇಬಾರದು, ಚರ್ಮದ ಅಲರ್ಜಿಯೂ ಉಬ್ಬಸವೂ ಬರುತ್ತವೆ. ಈ ಕೆಲಸಕ್ಕೆ ಜೂನ್, ಜುಲೈ ಸರಿಯಾದ ಕಾಲ.

ಗುಡಿಸಿದ ಕಸ ಎಲ್ಲಿಗೆ? ತಿಪ್ಪೆಗೆ ಸುರಿದು ಬೆಂಕಿ ಇಟ್ಟರೆ ಶ್ರಮದಾನ ಹೊಗೆಯಾಯಿತು. ಈಗ ಬಹಳ ಪಂಚಾಯಿತಿಗಳಲ್ಲಿ ಕಸ ವಿಂಗಡಿಸುವ ಸ್ವಚ್ಛ ಸಂಕೀರ್ಣ ಇದೆ, ಕಸ ಒಯ್ಯುವ ಗಾಡಿಯಾದ ಸ್ವಚ್ಛವಾಹಿನಿ ಓಡಿಸುವ ಮಹಿಳೆಯರಿದ್ದಾರೆ. ಕುಂದಾಪುರ ಕಡೆಯ ವಂಡ್ಸೆ ಪಂಚಾಯಿತಿ ಕಸ ವಿಂಗಡಣೆಯನ್ನೇ ದಿನದ ಕೆಲಸ ಮಾಡಿಕೊಂಡು ಹೆಸರಾಯಿತು. ಕಾರ್ಕಳದ ನಿಟ್ಟೆಯ ಘಟಕಕ್ಕೆ ಸುತ್ತಲ ಹಲವು ಪಂಚಾಯಿತಿಗಳ ಒಣಕಸ ಹೋಗುತ್ತದೆ. ಅಂಥಲ್ಲಿ ಜಯಂತಿಯ ದಿನ ಆರಿಸಿದ ಬಾಟಲಿ, ರಟ್ಟು, ಗಾಜು ಬೇರೆ ಬೇರೆ ಚೀಲದಲ್ಲಿ ಬಂದರೆ ವಿಂಗಡಿಸುವವರ ಅರ್ಧ ದಿನ ಉಳಿಯುತ್ತದೆ.

ಸದಸ್ಯರು ಒಂದೇ ಒಂದು ಕೆಲಸ ಆರಿಸುವುದಾದರೆ ನೀರಿನ ಟ್ಯಾಂಕ್ ಆರಿಸಲಿ ಎನ್ನುತ್ತೇವೆ. ಊರಿಗೆ ನೀರು ಬಿಡುವ ನೀರುಗಂಟಿಯನ್ನು ಜೊತೆಗಿಟ್ಟುಕೊಂಡು ಟ್ಯಾಂಕ್ ಖಾಲಿ ಮಾಡಿಸಿ, ತಳ ತಿಕ್ಕಿಸಿ, ತೊಳೆದ ನೀರನ್ನು ಹೊರಬಿಟ್ಟು ತುಂಬಿಸಬೇಕು. ಆಮೇಲೆ ಬ್ಲೀಚಿಂಗ್ ಪೌಡರ್. ಒಳ್ಳೆಯ ಪುಡಿಯಾದರೆ 1,000 ಲೀಟರಿಗೆ ಸುಮಾರು 2.5 ಗ್ರಾಂ, 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ. ನೇರ ಸುರಿಯಬಾರದು. ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಬೇಕು. ಒಂದು ಗಂಟೆ ಬಿಟ್ಟು ನೀರು ಹರಿಸಿ, ಊರ ಕೊನೆಯ ನಲ್ಲಿಯಲ್ಲಿ ಪರೀಕ್ಷೆ ಮಾಡಿದರೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅಷ್ಟು ಬಾರದಿದ್ದರೆ ಸಾಮಾನ್ಯವಾಗಿ ಕಾರಣ ಎರಡು: ಚೀಲ ಬಾಯಿ ತೆರೆದು ತಿಂಗಳುಗಟ್ಟಲೆ ಇದ್ದು ಪುಡಿ ಸತ್ವ ಕಳೆದುಕೊಂಡಿರುತ್ತದೆ, ಇಲ್ಲವೇ ಒಡೆದ ಪೈಪಿಗೆ ಚರಂಡಿ ನೀರು ಸೇರುತ್ತಿರುತ್ತದೆ. ಎರಡನೆಯದು ಗೊತ್ತಾದರೆ ಆ ರಜೆಯ ದಿನ ಸಾರ್ಥಕ, ಯಾಕೆಂದರೆ ಆ ಪೈಪಿನ ರಿಪೇರಿಯನ್ನು ಮುಂದಿನ ಸಾಮಾನ್ಯ ಸಭೆಗೆ ತಂದು ಹಣ ಇಡಿಸುವ ಅಧಿಕಾರ ಸದಸ್ಯರಿಗಿದೆ. ಸ್ವಯಂಸೇವಕರಿಗೆ ಅದಿಲ್ಲ.

ಹಣ ಇಡಿಸುವ ಅಧಿಕಾರ ಸದಸ್ಯರ ಕೈಯಲ್ಲಿರುವ ಕಾರಣಕ್ಕೇ ಶ್ರಮದಾನಕ್ಕೂ ಕೂಲಿ ಕೊಟ್ಟು ಮಾಡಿಸುವ ಉದ್ಯೋಗ ಖಾತರಿ ಕೆಲಸಕ್ಕೂ ಗೆರೆ ಸ್ಪಷ್ಟವಾಗಿರಬೇಕು. ದಾನವಾಗಿ ಮಾಡಿದ ಚರಂಡಿಗೆ ಆಮೇಲೆ ಬಿಲ್ ಆದರೆ, ಪುರಸ್ಕಾರಕ್ಕೆ ಸಲ್ಲಿಸುವ ಉಳಿದ ಲೆಕ್ಕವನ್ನೂ ಊರು ನಂಬುವುದಿಲ್ಲ. ಭಾಗವಹಿಸಿದವರ ಹೆಸರು, ಜಾಗ, ಎತ್ತಿದ ಲೋಡು, ಟ್ರ್ಯಾಕ್ಟರ್ ಬಾಡಿಗೆ ಯಾವ ಬಾಬ್ತಿನಿಂದ ಎಂಬುದನ್ನು ಅಂದೇ ಪುಸ್ತಕಕ್ಕೆ ಬರೆದು ಗ್ರಾಮಸಭೆಯಲ್ಲಿ ಓದಬೇಕು.

ಸನ್ಮಾನದ ಶಾಲು ಯಾರಿಗೆ ಎಂಬುದರಲ್ಲೂ ಪಂಚಾಯಿತಿಯ ಮನಸ್ಸು ಕಾಣುತ್ತದೆ. ಸ್ವಚ್ಛವಾಹಿನಿ ಚಾಲಕಿಗೆ, ನೀರುಗಂಟಿಗೆ, ವಿಂಗಡಣೆಯ ಮಹಿಳೆಯರಿಗೆ ಅಧ್ಯಕ್ಷರು ಶಾಲು ಹೊದಿಸುವ ಊರುಗಳಿವೆ. ಅವರ ಬಾಕಿ ಸಂಬಳ ಮೊದಲು ಚುಕ್ತಾ ಆಗಿರಬೇಕು ಅಷ್ಟೇ. ಟ್ಯಾಂಕಿನ ಗೋಡೆಯ ಮೇಲೆ ಸ್ವಚ್ಛಗೊಳಿಸಿದ ದಿನಾಂಕ ಬರೆಸುವ ಪದ್ಧತಿಯೂ ನಮ್ಮಲ್ಲಿದೆ. ಅಲ್ಲಿ ‘2 ಅಕ್ಟೋಬರ್’ ಎಂದು ಬರೆಯುವಾಗಲೇ ಅದರ ಕೆಳಗೆ ಮುಂದಿನ ಸ್ವಚ್ಛತೆಯ ದಿನಾಂಕವನ್ನೂ ಬರೆಸಬೇಕು. ಅಂದು ರಜೆ ಇರುವುದಿಲ್ಲ, ಕ್ಯಾಮೆರಾವೂ ಬರುವುದಿಲ್ಲ.