ಹೊಸ ಆವೃತ್ತಿಯ ಸುದ್ದಿ: ಒಮ್ಮೆ ಬರೆದು ಎಲ್ಲೆಡೆ ತಲುಪಿಸುವುದು ಹೇಗೆ?

ಪ್ರಶ್ನೆ: ನಾನೊಂದು ಸಣ್ಣ ಓಪನ್ ಸೋರ್ಸ್ ತಂತ್ರಾಂಶವನ್ನು ನಿರ್ವಹಿಸುತ್ತಿದ್ದೇನೆ. ಪ್ರತಿ ಬಿಡುಗಡೆಯ ಸುದ್ದಿಯನ್ನು ನಾಲ್ಕೈದು ತಾಣಗಳಲ್ಲಿ ಬೇರೆ ಬೇರೆಯಾಗಿ ಹಾಕಬೇಕಾಗುತ್ತದೆ. ಒಂದೇ ಕಡೆ ಬರೆದು ಎಲ್ಲರಿಗೂ ಮುಟ್ಟಿಸಲು ದಾರಿಯಿದೆಯೇ?

ಉತ್ತರ: ದಾರಿ ಖಂಡಿತ ಇದೆ. ಅದಕ್ಕೂ ಮೊದಲು ಮೂಲ ಬರಹ ಎಲ್ಲಿರಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳಿ. ಅದು ನಿಮ್ಮ ಹಿಡಿತದಲ್ಲಿರುವ ಜಾಗದಲ್ಲೇ ಇರಬೇಕು: ಕೋಡ್ ಜೊತೆಗಿರುವ ಚೇಂಜ್‌ಲಾಗ್ ಕಡತ (ಪ್ರತಿ ಆವೃತ್ತಿಯ ಬದಲಾವಣೆಗಳ ಪಟ್ಟಿ), ಇಲ್ಲವೇ ಯೋಜನೆಯದೇ ಜಾಲತಾಣ. ಬಿಡುಗಡೆಗಳ ಸುದ್ದಿಗೆಂದೇ ಇದ್ದ ಫ್ರೀಕೋಡ್ ತಾಣ 2014ರಲ್ಲಿ ಹೊಸ ಮಾಹಿತಿ ಸೇರಿಸುವುದನ್ನು ನಿಲ್ಲಿಸಿತು. 2019ರಲ್ಲಿ ಗೂಗಲ್ ಪ್ಲಸ್ ಮುಚ್ಚಿತು. 2023ರಲ್ಲಿ ಟ್ವಿಟರ್ ತನ್ನ ಹಳೆಯ ಉಚಿತ ಎಪಿಐ (ಬೇರೆ ತಂತ್ರಾಂಶಗಳು ತಾಣದೊಡನೆ ವ್ಯವಹರಿಸುವ ದಾರಿ) ಸೌಲಭ್ಯವನ್ನು ಹಿಂತೆಗೆದುಕೊಂಡಾಗ ಎಷ್ಟೋ ಸ್ವಯಂಚಾಲಿತ ಖಾತೆಗಳು ಮೌನವಾದವು. ಮೂಲ ಬರಹ ನಿಮ್ಮ ಬಳಿಯೇ ಇದ್ದರೆ ಇಂಥ ಬದಲಾವಣೆಯಿಂದ ಓದುಗರ ಒಂದು ಗುಂಪು ಚದುರಬಹುದು, ಯೋಜನೆಯ ಇತಿಹಾಸ ಮಾತ್ರ ಅಳಿಯುವುದಿಲ್ಲ.

ಮುಂದಿನದು ಫೀಡ್, ಅಂದರೆ ಹೊಸ ಬರಹಗಳು ಓದುಗರ ಫೀಡ್ ರೀಡರ್ ತಂತ್ರಾಂಶಕ್ಕೆ ತಾನಾಗಿ ತಲುಪುವಂತೆ ಮಾಡುವ ಪಟ್ಟಿ. ಇದನ್ನು ಹಳೆಯ ಕಾಲದ್ದೆಂದು ಬದಿಗೆ ಸರಿಸುವವರಿದ್ದಾರೆ; ನನ್ನ ಮಟ್ಟಿಗೆ ಇಂದಿಗೂ ಅತ್ಯಂತ ನಂಬಿಕೆಗೆ ಅರ್ಹವಾದ ದಾರಿ ಇದೇ. ಖಾತೆ ಬೇಡ, ಯಾರ ಅನುಮತಿಯೂ ಬೇಡ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಯೋಜನೆಯ ಬಿಡುಗಡೆ ಪುಟದ ವಿಳಾಸದ ಕೊನೆಗೆ ಒಂದು ಚುಕ್ಕಿ ಇಟ್ಟು ‘ಆಟಮ್’ ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಫೀಡ್ ಸಿದ್ಧವಾಗಿಯೇ ಸಿಗುತ್ತದೆ. ಅದರ ಕೊಂಡಿಯನ್ನು ಯೋಜನೆಯ ಪರಿಚಯ ಕಡತವಾದ ರೀಡ್‌ಮಿಯಲ್ಲಿ ಕಾಣುವಂತೆ ಹಾಕಿ.

ಇನ್ನು ಸಾಮಾಜಿಕ ತಾಣಗಳು. ‘ಬಿಡುಗಡೆ ಪ್ರಕಟವಾಯಿತು’ ಎಂಬ ಘಟನೆ ನಡೆದ ಕೂಡಲೇ ಗಿಟ್‌ಹಬ್‌ನದೇ ಸ್ವಯಂಚಾಲನೆಯ ಸೌಲಭ್ಯವಾದ ಗಿಟ್‌ಹಬ್ ಆ್ಯಕ್ಷನ್ಸ್ ಮೂಲಕ, ಸುದ್ದಿಯನ್ನು ಈ ತಾಣಗಳಿಗೆ ಕಳಿಸುವ ಒಂದು ಸಣ್ಣ ಸ್ಕ್ರಿಪ್ಟ್ ಓಡಿಸಬಹುದು. ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. ಬಿಡುಗಡೆಯನ್ನೂ ಮತ್ತೊಂದು ಸ್ವಯಂಚಾಲಿತ ಕೆಲಸವೇ, ಗಿಟ್‌ಹಬ್ ತಾನಾಗಿ ಕೊಡುವ ಟೋಕನ್ (ಪಾಸ್‌ವರ್ಡ್ ಬದಲಿಗೆ ಬಳಸುವ ಗುಪ್ತ ಕೀಲಿ) ಬಳಸಿ ಸೃಷ್ಟಿಸಿದ್ದರೆ, ಆ ಘಟನೆ ನಿಮ್ಮ ಸ್ಕ್ರಿಪ್ಟನ್ನು ಎಬ್ಬಿಸುವುದಿಲ್ಲ. ಒಂದು ಕೆಲಸ ಇನ್ನೊಂದನ್ನು ಕೊನೆಯಿಲ್ಲದೆ ಕರೆಯುತ್ತಾ ಹೋಗದಿರಲೆಂದು ಮಾಡಿರುವ ತಡೆ ಅದು. ಸುದ್ದಿ ಕಳಿಸುವ ಹಂತವನ್ನು ಅದೇ ಕೆಲಸದ ಕೊನೆಗೆ ಜೋಡಿಸಿದರೆ ತೊಡಕು ಬಗೆಹರಿಯುತ್ತದೆ.

ಮ್ಯಾಸ್ಟೊಡಾನ್, ಬ್ಲೂಸ್ಕೈ ಎಂಬ ಸಾಮಾಜಿಕ ತಾಣಗಳನ್ನೇ ತೆಗೆದುಕೊಳ್ಳಿ. ಮ್ಯಾಸ್ಟೊಡಾನ್‌ಗೆ ಟೋಕನ್ ಪಡೆಯುವಾಗ ಪೋಸ್ಟ್ ಬರೆಯುವ ಅನುಮತಿಯನ್ನಷ್ಟೇ ಕೊಡಿ. ಬ್ಲೂಸ್ಕೈಗೆ ಖಾತೆಯ ಮುಖ್ಯ ಪಾಸ್‌ವರ್ಡ್ ಬೇಡ, ಬೇರೆ ತಂತ್ರಾಂಶಗಳಿಗೆಂದು ಪ್ರತ್ಯೇಕವಾಗಿ ಪಡೆಯುವ ಆ್ಯಪ್ ಪಾಸ್‌ವರ್ಡ್ ಸಾಕು. ಎರಡನ್ನೂ ಗಿಟ್‌ಹಬ್‌ನ ಸೀಕ್ರೆಟ್ಸ್ ವಿಭಾಗದಲ್ಲಿಡಿ, ಕೋಡಿನೊಳಗೆ ಎಂದೂ ಬರೆಯಬೇಡಿ. ಬ್ಲೂಸ್ಕೈನಲ್ಲಿ ಇನ್ನೊಂದು ಸೂಕ್ಷ್ಮವಿದೆ: ಎಪಿಐ ಮೂಲಕ ಕಳಿಸಿದ ಬರಹದಲ್ಲಿನ ವಿಳಾಸ ತಾನಾಗಿಯೇ ಕೊಂಡಿಯಾಗುವುದಿಲ್ಲ. ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಯುಟಿಎಫ್-8 (ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಕ್ರಮ) ಬೈಟ್‌ಗಳ ಲೆಕ್ಕದಲ್ಲಿ ನೀವೇ ತಿಳಿಸಬೇಕು. ಕನ್ನಡದ ‘ಕ’ ಒಂದಕ್ಕೇ 3 ಬೈಟ್‌ಗಳು. ಅಕ್ಷರ ಎಣಿಸಿ ಕಳಿಸಿದರೆ ಕೊಂಡಿ ವಾಕ್ಯದ ನಡುವೆ ಎಲ್ಲೋ ಅಂಟಿಕೊಳ್ಳುತ್ತದೆ.

ಆದರೆ ಯಂತ್ರಕ್ಕೆ ಒಪ್ಪಿಸಬೇಕಾದದ್ದು ತಲುಪಿಸುವ ಕೆಲಸವನ್ನು ಮಾತ್ರ. ಬರೆಯುವುದು ನಿಮ್ಮದೇ ಆಗಿರಲಿ. ಕಮಿಟ್‌ಗಳ (ಕೋಡಿನಲ್ಲಿ ದಾಖಲಾದ ಬದಲಾವಣೆಗಳ) ಪಟ್ಟಿಯನ್ನು ಹಾಗೆಯೇ ಸುರಿದರೆ ಯಾರೂ ಓದುವುದಿಲ್ಲ. ‘3.0 ಬಂದಿದೆ, ಹಲವು ದೋಷಗಳನ್ನು ಸರಿಪಡಿಸಲಾಗಿದೆ’ ಎಂದರೆ ಬಳಕೆದಾರರಿಗೆ ತಿಳಿದದ್ದೇನು? ‘ದೊಡ್ಡ ಕಡತ ತೆರೆದಾಗ ತಂತ್ರಾಂಶ ಸ್ಥಗಿತಗೊಳ್ಳುತ್ತಿದ್ದ ತೊಂದರೆ 3.0ರಲ್ಲಿ ನಿವಾರಣೆಯಾಗಿದೆ. ಸೆಟ್ಟಿಂಗ್ಸ್ ಕಡತದ ರೂಪ ಬದಲಾಗಿದೆ, ಅಪ್‌ಡೇಟ್ ಮಾಡುವ ಮೊದಲು ಅದರ ಪ್ರತಿ ಇಟ್ಟುಕೊಳ್ಳಿ’ ಎಂದು ಬರೆಯಿರಿ. ಮ್ಯಾಸ್ಟೊಡಾನ್‌ನ ಸಾಮಾನ್ಯ ಮಿತಿ 500 ಅಕ್ಷರ, ಬ್ಲೂಸ್ಕೈಯದು 300. ಚಿಕ್ಕ ಮಿತಿಗೆ ಹೊಂದುವಂತೆ ಎರಡು ವಾಕ್ಯ ಬರೆದಿಟ್ಟರೆ ಎರಡೂ ಕಡೆ ನಡೆಯುತ್ತದೆ. ವಿವರ ಬೇಕಾದವರಿಗೆ ಮೂಲ ಬರಹದ ಕೊಂಡಿ ಇದ್ದೇ ಇರುತ್ತದೆ.

ನಾಲ್ಕೈದು ತಾಣಗಳೂ ಬೇಕೇ ಎಂದು ಒಮ್ಮೆ ಯೋಚಿಸಿ. ಸುದ್ದಿಯ ಕೆಳಗೆ ಯಾರೋ ‘ಅಪ್‌ಡೇಟ್ ಆದ ಮೇಲೆ ತೆರೆಯುತ್ತಿಲ್ಲ’ ಎಂದು ಬರೆದರೆ ಉತ್ತರಿಸುವವರು ಇರಬೇಕು. ನೀವು ದಿನವೂ ಇಣುಕುವ ಎರಡು ತಾಣಗಳಿದ್ದರೆ ಧಾರಾಳವಾಯಿತು.

ಭದ್ರತಾ ದೋಷವನ್ನು ಸರಿಪಡಿಸಿದ ಬಿಡುಗಡೆಯನ್ನು ಮಾತ್ರ ಈ ಸ್ವಯಂಚಾಲಿತ ವ್ಯವಸ್ಥೆಗೆ ಬಿಡಬೇಡಿ. ಸರಿಪಡಿಸಿದ ಆವೃತ್ತಿ ಡೌನ್‌ಲೋಡ್‌ಗೆ ಸಿಗುತ್ತಿದೆಯೇ ಎಂದು ನೀವೇ ನೋಡಿಕೊಂಡು, ಯಾವ ಆವೃತ್ತಿಗಳಿಗೆ ಅಪಾಯವಿದೆ ಎಂಬುದನ್ನು ಮೊದಲ ಸಾಲಿನಲ್ಲೇ ಬರೆದು, ಕೈಯಾರೆ ಪ್ರಕಟಿಸಿ.